ಕಿಂಡಿ ಬಿದ್ದ ಕುಲಾವಿ

ನಾನು ಒಂದು ಕುಲಾವಿ. ಹಸುಗೂಸಿನ ತಲೆಗೆ ಕಟ್ಟುವ, ಗೊಂಡೆ ಇಳಿಬಿಟ್ಟ ಚೆಂದದ ಕುಲಾವಿಯಲ್ಲ. ವಿಮಾನ ಹಾರಿಸಲು ಕಲಿಯುವವರ ತಲೆಗೆ ಹಾಕುವ ಕರಿ ರೆಕ್ಸಿನ್ನಿನ ಕುಲಾವಿ. ಪುಸ್ತಕಗಳಲ್ಲಿ ನನ್ನನ್ನು ಹುಡ್ ಎನ್ನುತ್ತಾರೆ. ನಮ್ಮ ಶಾಲೆಯ ಹುಡುಗರು ಕುಲಾವಿ ಎಂದು ಕರೆದರು, ಅದೇ ಉಳಿಯಿತು. ಹುಟ್ಟಿದಾಗಿನಿಂದ ಮನುಷ್ಯರ ತಲೆಯ ಮೇಲೇ ಕುಳಿತು ಬಾಳಿದವನು ನಾನು. ತಲೆಯ ಮೇಲೆ ಕೂರುವುದು ದೊಡ್ಡ ಮರ್ಯಾದೆ ಎಂದು ನೀವು ತಿಳಿಯಬಹುದು. ಕೊಬ್ಬರಿ ಎಣ್ಣೆ, ಹೊಟ್ಟು, ಮೂರು ದಿನದ ಬೆವರು, ಮದುವೆಗೆ ಹೋಗಿ ಬಂದವರ ಅತ್ತರು, ಇವೆಲ್ಲ ಒಂದರ ಮೇಲೊಂದು ಕೂತ ಅಸ್ತರಿನ ವಾಸನೆಯನ್ನು ಒಮ್ಮೆ ಮೂಸಿ ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ನಾನು ಹುಟ್ಟಿದ್ದು ಗದಗಿನ ಸ್ಟೇಷನ್ ರಸ್ತೆಯಲ್ಲಿ, ಮೌಲಾಸಾಬರ ಸೀಟ್ ಕವರ್ ಅಂಗಡಿಯಲ್ಲಿ. ಹಾರಾಟ ಶಾಲೆಗೆ ವಿದೇಶದಿಂದ ತರಿಸಿದ್ದ ಪ್ಲಾಸ್ಟಿಕ್ ಹುಡ್‌ನ ಮೇಲೆ ಯಾರೋ ದಪ್ಪನೆಯವರು ಕೂತು ಅದು ಎರಡು ಹೋಳಾಗಿತ್ತು. ಶಾಲೆಯ ಮುಖ್ಯ ಗುರುಗಳಾದ ಕ್ಯಾಪ್ಟನ್ ವಿರೂಪಾಕ್ಷ ಅಳವಂಡಿಯವರು ಆ ಹೋಳುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು ಮೌಲಾಸಾಬರ ಮುಂದೆ ಸುರಿದರು.

ಮೌಲಾಸಾಬರು ಹೋಳುಗಳನ್ನು ಜೋಡಿಸಿ ತಮ್ಮ ಕಣ್ಣಿಗೇ ಹಿಡಿದು ನೋಡಿದರು. "ಇದರಾಗ ಆಜೂಬಾಜೂ ಏನೂ ಕಾಣಂಗಿಲ್ಲಲ್ರಿ. ಇದನ್ನ ಹಾಕ್ಕೊಂಡು ವಿಮಾನ ಹೆಂಗ ಹಾರಸ್ತಾರ?"

"ಕಾಣಬಾರದು ಅಂತನ ಹಾಕೋದು ಸಾಬ್ರ. ಎದುರಿಗಿನ ಮೀಟರ್ ಅಷ್ಟ ಕಾಣಬೇಕು. ಹೊರಗಿನ ಭೂಮಿ, ಆಕಾಶ ಒಂದೂ ಕಾಣಬಾರದು."

"ನಮ್ಮಪ್ಪ ಟಾಂಗಾ ಕುದುರಿಗೆ ಇಂಥಾದ್ದ ಹೊಲೀತಿದ್ದ," ಎಂದು ಮೌಲಾಸಾಬರು ನಕ್ಕು, ಅಂದು ಸಂಜೆಯೊಳಗೆ ನನ್ನನ್ನು ಹೊಲಿದು ಮುಗಿಸಿದರು. ಹಣೆಯ ಮೇಲೆ ಉದ್ದನೆಯ ಮುಂಚಾಚು, ಅದರೊಳಗೆ ತಂತಿ, ಎಡಕ್ಕೂ ಬಲಕ್ಕೂ ಕೆನ್ನೆಯವರೆಗೆ ಇಳಿಯುವ ಮರೆಗಳು, ಹಿಂದೆ ಇಲಾಸ್ಟಿಕ್. ಹೊಲಿಗೆ ಒಂದೂ ಸೊಟ್ಟಗಿರಲಿಲ್ಲ. ನನ್ನ ಬಾಳಿನಲ್ಲಿ ನಾನು ಸ್ವಚ್ಛವಾಗಿದ್ದದ್ದು ಆ ಒಂದು ಸಂಜೆ ಮಾತ್ರ.

ಶಾಲೆ ಇದ್ದದ್ದು ಊರಿಂದ ದೂರ, ಎರೆಹೊಲಗಳ ನಡುವೆ. ಒಂದೇ ಒಂದು ರನ್‌ವೇ, ಅದರ ಎರಡೂ ಬದಿಗೆ ಸೂರ್ಯಕಾಂತಿ. ಕುರಿಗಳು ಒಳಗೆ ನುಗ್ಗಿದರೆ ಜೀಪು ಹೋಗಿ ಓಡಿಸಬೇಕು. ಅಲ್ಲಿ ನನ್ನ ಕೆಲಸ ಸರಳವಾಗಿತ್ತು. ಕಲಿಯುವವನು ಎಡಗಡೆಯ ಸೀಟಿನಲ್ಲಿ ನನ್ನನ್ನು ಹಾಕಿಕೊಂಡು ಕೂರುತ್ತಾನೆ. ಬಲಗಡೆಯ ಸೀಟಿನಲ್ಲಿ ಕ್ಯಾಪ್ಟನ್ನರೋ ಇನ್ನೊಬ್ಬ ಕಲಿಯುವವನೋ ಕೂತು ಹೊರಗೆ ನೋಡಿಕೊಳ್ಳುತ್ತಾರೆ. ಮೋಡದೊಳಗೆ ಸಿಕ್ಕಿಕೊಂಡಾಗ ಹೇಗಿರುತ್ತದೋ ಹಾಗೆ, ಬರೀ ಮೀಟರ್ ನೋಡಿ ವಿಮಾನ ಹಾರಿಸುವುದನ್ನು ಕಲಿಯಬೇಕು. ಮೀಟರುಗಳ ನಡುವೆ ಒಂದು ಗುಂಡು ಇದೆ. ಅದರ ಮೇಲರ್ಧ ನೀಲಿ ಆಕಾಶ, ಕೆಳಗರ್ಧ ಕಂದು ಭೂಮಿ. ವಿಮಾನ ವಾಲಿದರೆ ಅದೂ ವಾಲಿ ತೋರಿಸುತ್ತದೆ. ಅದು ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವುದು ಮನುಷ್ಯನ ಕಿವಿ.

ಇದನ್ನು ನಾನು ಕಿವಿಗೆ ಅಂಟಿಕೊಂಡೇ ಇದ್ದು ಕಲಿತೆ. ಕಿವಿಯ ಒಳಗೆ ನೀರು ತುಂಬಿದ ಮೂರು ಸಣ್ಣ ಬಳೆಗಳಿವೆ ಎಂದು ಅಳವಂಡಿಯವರು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ತಲೆ ತಿರುಗಿದರೆ ಬಳೆ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವೇ ಮನುಷ್ಯನಿಗೆ ತಾನು ತಿರುಗುತ್ತಿದ್ದೇನೆ ಎಂಬ ಸುದ್ದಿ. ಆದರೆ ಒಂದೇ ಸಮನೆ ಅರ್ಧ ನಿಮಿಷ ತಿರುಗುತ್ತಲೇ ಇದ್ದರೆ ನೀರೂ ಬಳೆಯ ಜೊತೆ ಓಡಲು ಕಲಿಯುತ್ತದೆ. ಆಗ ಕಿವಿ, ನಾವು ನೆಟ್ಟಗಿದ್ದೇವೆ ಎಂದು ಬಿಡುತ್ತದೆ. ತಿರುಗುವುದನ್ನು ನಿಲ್ಲಿಸಿ ನಿಜವಾಗಿ ನೆಟ್ಟಗಾದರೆ, ಈಗ ಆಚೆ ಕಡೆ ತಿರುಗುತ್ತಿದ್ದೇವೆ ಎಂದು ಬೊಬ್ಬೆ ಹಾಕುತ್ತದೆ. ನಿಧಾನವಾಗಿ ವಾಲಿದರಂತೂ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ನೆಗಡಿ, ನಿದ್ದೆಗೇಡು, ಖಾಲಿ ಹೊಟ್ಟೆ, ತೂಕಡಿಕೆ ತರುವ ಗುಳಿಗೆ, ಇವುಗಳಲ್ಲಿ ಒಂದು ಸೇರಿದರೂ ಸುಳ್ಳು ಇನ್ನಷ್ಟು ಜೋರಾಗುತ್ತದೆ.

ಹೊಸಬರು ಬಂದ ಮೊದಲ ದಿನ ಅಳವಂಡಿಯವರು ಅವರನ್ನು ತರಗತಿಯ ಮೂಲೆಯಲ್ಲಿದ್ದ ಹಳೆಯ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ ಗಿರಗಿರ ತಿರುಗಿಸುತ್ತಿದ್ದರು. ಯಾವ ಕಡೆ ತಿರುಗುತ್ತಿದ್ದೀಯೋ ಆ ಕಡೆ ಬೆರಳು ತೋರಿಸು ಎನ್ನುತ್ತಿದ್ದರು. ಕುರ್ಚಿ ನಿಂತ ಮೇಲೂ ಹೊಸಬರು ಆಚೆ ಕಡೆ ಬೆರಳು ತೋರಿಸುತ್ತ ಕೂತಿರುತ್ತಿದ್ದರು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಮ್ಮ ತಲೆಯಲ್ಲೂ ಅದೇ ಕಿವಿ ಇದೆ ಎಂಬುದು ಆ ನಗುವವರಿಗೆ ಹೊಳೆಯುತ್ತಿರಲಿಲ್ಲ. ಅವರ ನಗು ಕೇಳಿದರೆ ನನಗೆ ಮೈಯೆಲ್ಲ ಜಿಗುಪ್ಸೆಯಾಗುತ್ತಿತ್ತು.

ಮೊದಲೆರಡು ಬ್ಯಾಚಿನವರು ಪಾಪ, ಪ್ರಾಮಾಣಿಕವಾಗಿಯೇ ಒದ್ದಾಡಿದರು. ವಿಮಾನವನ್ನು ಅಡ್ಡ ಮಲಗಿಸಿದರು, ಬೆವರಿದರು, ಇಬ್ಬರು ಕಾರಿಕೊಂಡರು, ಕೊನೆಗೆ ಕಲಿತರು. ಮೂರನೆಯ ಬ್ಯಾಚಿಗೆ ಬಂದ ಒಬ್ಬನಿಗೆ ಒದ್ದಾಡುವುದು ಬೇಡವಾಗಿತ್ತು. ಅವನ ಹೆಸರು ಹೇಳಲೂ ನನಗೆ ಅಸಹ್ಯ. ಒಂದು ಶುಕ್ರವಾರ ಹಾಸ್ಟೆಲ್ಲಿನಲ್ಲಿ ಪೂಜೆ ಮುಗಿಸಿ, ಉರಿಯುತ್ತಿದ್ದ ಊದಿನಕಡ್ಡಿಯನ್ನು ತಂದು ನನ್ನ ಎಡಗಡೆಯ ಮರೆಗೆ ಒತ್ತಿ ಹಿಡಿದ. ಶೇಂಗಾ ಬೀಜದಷ್ಟು ದೊಡ್ಡ ತೂತು ಬಿತ್ತು. ಹಾಕಿಕೊಂಡು ನೋಡಿದರೆ ಎಡಗಣ್ಣಿನ ಕೊನೆಗೆ ಸರಿಯಾಗಿ ಕಿಟಕಿ, ಕಿಟಕಿಯಾಚೆ ಭೂಮಿಯ ಅಂಚು. ಅಷ್ಟು ಕಂಡರೆ ಸಾಕು. ಕಿವಿ ಏನಾದರೂ ಬೊಗಳಿಕೊಳ್ಳಲಿ, ಕಣ್ಣು ಕದ್ದು ನೋಡಿ ಸರಿ ಮಾಡಿಕೊಳ್ಳುತ್ತದೆ. ಬಲಗಡೆ ಕೂತವರಿಗೆ ಎಡಮರೆಯ ತೂತು ಕಾಣುವುದಿಲ್ಲ.

ಅಂದಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಹಾರಾಟ ಮುಗಿಸಿ ಇಳಿದವನನ್ನು ಗೆಳೆಯರು "ದರ್ಶನ ಆತೇನಲೇ?" ಎಂದು ಕೇಳುತ್ತಿದ್ದರು. ಅವನು ಎಡಗಣ್ಣು ಹೊಡೆದು ತೋರಿಸುತ್ತಿದ್ದ. ಒಂದು ಬ್ಯಾಚು ಹೊರಡುವಾಗ ಮುಂದಿನ ಬ್ಯಾಚಿಗೆ ನನ್ನನ್ನು ತೆಂಗಿನಕಾಯಿ, ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಒಪ್ಪಿಸುತ್ತಿದ್ದರು. ಕಿಂಡಿಗೆ ಕುಂಕುಮ ಹಚ್ಚಿದ ಮಹಾನುಭಾವರೂ ಇದ್ದರು.

ಇತ್ತ ಅಳವಂಡಿಯವರು ಬಂದವರ ಮುಂದೆಲ್ಲ ಎದೆ ಉಬ್ಬಿಸಿ ಹೇಳುತ್ತಿದ್ದರು. "ನಮ್ಮ ಹುಡುಗರದು ಕೈ ನೋಡ್ರಿ. ಹುಡ್ ಹಾಕಿದ್ರೂ ಗುಂಡು ಒಂದೀಟೂ ಅಲ್ಲಾಡಂಗಿಲ್ಲ."

ಒಂದು ಸಲ ಅವರು ನನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ್ದುಂಟು. ಹೆಬ್ಬೆರಳು ಕಿಂಡಿಯ ಮೇಲೆ ಬಂದು ನಿಂತಿತು. "ಏನಲೇ ಇದು?" ಎಂದರು. "ಇಲಿ ಕಡದೈತ್ರಿ ಸರ," ಎಂದ ಒಬ್ಬ. ಅವರು ಇನ್ನೊಂದು ಕ್ಷಣ ಹೆಬ್ಬೆರಳನ್ನು ಅಲ್ಲೇ ಆಡಿಸಿ, ನನ್ನನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋದರು. ಆ ಹೊತ್ತು ನನಗೆ ಅವರ ಮೇಲೆ ಬಂದಷ್ಟು ಹೇಸಿಗೆ ಆ ಊದಿನಕಡ್ಡಿಯವನ ಮೇಲೂ ಬಂದಿರಲಿಲ್ಲ.

ಹೀಗೆ ಮೂರನೆಯ ಬ್ಯಾಚಿನಿಂದ ಏಳನೆಯ ಬ್ಯಾಚಿನವರೆಗೆ ನಲವತ್ತೊಂದು ಮಂದಿ ನನ್ನ ಕಿಂಡಿಯಿಂದ ನೋಡಿ, ಮೀಟರ್ ನೋಡಿಯೇ ಹಾರಿಸಿದೆವೆಂದು ಬರೆಸಿಕೊಂಡು, ರೆಕ್ಕೆಯ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು ಹೋದರು.

ಎಂಟನೆಯ ಬ್ಯಾಚಿನಲ್ಲಿ ನೀಲಾಂಬಿಕಾ ತಳವಾರ ಬಂದಳು. ರೋಣದ ಕಡೆಯವಳು, ತಾಯಿ ಆಸ್ಪತ್ರೆಯಲ್ಲಿ ನರ್ಸು. ಎಲ್ಲರೂ ನೀಲಾ ಎನ್ನುತ್ತಿದ್ದರು. ಮೊದಲ ದಿನ ಕುರ್ಚಿಯಲ್ಲಿ ಅವಳೂ ತಪ್ಪು ಕಡೆಗೇ ಬೆರಳು ತೋರಿಸಿದಳು. ಆದರೆ ಇಳಿದ ಮೇಲೆ ನಗಲಿಲ್ಲ. ಕಿವಿಯನ್ನು ಮುಟ್ಟಿ ನೋಡಿಕೊಂಡಳು.

ಅವಳ ಪಾಳಿ ಬಂದಾಗ ಬ್ಯಾಚಿನ ಅಮೋಘ ದೇಸಾಯಿ ನನ್ನನ್ನು ಕೊಡುತ್ತ ಕಿಂಡಿಯ ಗುಟ್ಟು ಹೇಳಿದ. ಅಮೋಘ ಒಳ್ಳೆಯ ಮಾತುಗಾರ. ಕಿಂಡಿಯಲ್ಲೇ ಕಣ್ಣಿಟ್ಟು ಅವನು ತನ್ನ ತಾಸುಗಳನ್ನೆಲ್ಲ ಮುಗಿಸಿದ್ದ. ನೀಲಾ ಕೇಳಿಸಿಕೊಂಡು ನನ್ನನ್ನು ತೆಗೆದುಕೊಂಡಳು. ವಿಮಾನದಲ್ಲಿ ಕೂತ ಮೇಲೆ ಹಣೆಯ ಮೇಲಿನ ಟಿಕಳಿ ಕಿತ್ತು ಒಳಗಿನಿಂದ ಕಿಂಡಿಯ ಮೇಲೆ ಅಂಟಿಸಿದಳು. ಇಳಿಯುವ ಮುಂಚೆ ಅದನ್ನು ತೆಗೆದು ಮತ್ತೆ ಹಣೆಗಿಟ್ಟುಕೊಂಡಳು. ಹೀಗೆ ಹದಿನೆಂಟು ತಾಸು ಹಾರಿಸಿದಳು. ಯಾರಿಗೂ ಹೇಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವಳ ತಲೆಯಲ್ಲೂ ಎಣ್ಣೆ ಇತ್ತು. ಆದರೂ ಆ ಹದಿನೆಂಟು ತಾಸು ನನಗೆ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ.

ಇಪ್ಪತ್ತು ತಾಸು ತುಂಬಿದರೆ ಅವಳ ಲೈಸೆನ್ಸು ಪೂರ್ತಿಯಾಗುತ್ತಿತ್ತು. ಆಗಸ್ಟ್ ಹದಿನಾಲ್ಕಕ್ಕೆ ಒಂದು ವಿಮಾನ ಕಂಪನಿಯ ಆಯ್ಕೆ ಇತ್ತು. ಅದಕ್ಕೆ ಅವಳ ಹೆಸರು ಹೋಗಿತ್ತು. ಅಷ್ಟರೊಳಗೆ ಇನ್ನೆರಡೇ ತಾಸು ಹಾರಿಸಬೇಕಿತ್ತು.

ಜುಲೈ ಕೊನೆಯ ವಾರ, ಬೆಳಗಿನ ಹತ್ತು ಗಂಟೆ. ಅಲ್ಲೊಂದು ಇಲ್ಲೊಂದು ಮೋಡ. ಹೊರಗೆ ನೋಡಿಕೊಳ್ಳುವ ಕೆಲಸ ಅಮೋಘನದು. ಅವನಿಗೆ ಎರಡು ದಿನದಿಂದ ನೆಗಡಿ. ಬೆಳಿಗ್ಗೆ ತಿಂಡಿ ಬಿಟ್ಟು ನೆಗಡಿಯ ಗುಳಿಗೆ ಒಂದನ್ನೇ ನುಂಗಿ ಬಂದಿದ್ದ. ಮೂಗು ಒರೆಸಿದ ಕೈಯಲ್ಲೇ ನನ್ನನ್ನು ಎತ್ತಿ ನೀಲಾಳಿಗೆ ಕೊಟ್ಟ. ಹುಷಾರಿಲ್ಲದಿದ್ದರೆ ಹಾರಬಾರದು ಎಂದು ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೇ ನಿಂತು ಅವನು ಸೀನಿದ್ದ.

ಮೇಲೆ ಹೋದ ಮೇಲೆ ನೀಲಾ ಎಡಕ್ಕೆ ದೊಡ್ಡ ಸುತ್ತು ಹಾಕುತ್ತಿದ್ದಳು. ಅಮೋಘ ಮೊಬೈಲಿನಲ್ಲಿ ಮೋಡಗಳ ವಿಡಿಯೊ ತೆಗೆಯುತ್ತಿದ್ದ. ಎದುರಿಗೊಂದು ಮೋಡ ಬರುತ್ತಿದ್ದುದು ಆ ವಿಡಿಯೊದಲ್ಲೂ ಕಂಡಿರಬೇಕು. ತಿರುಗಿಸು ಎಂದು ಅವನು ಹೇಳಲಿಲ್ಲ. ಬೆಳಕು ಒಮ್ಮೆಲೇ ಬೂದಿ ಬಣ್ಣವಾಯಿತು.

"ಅಮೋಘ, ಮೋಡದಾಗ ಹೊಕ್ಕೇವೇನು?" ಎಂದಳು ನೀಲಾ.

"ಇಲ್ಲ, ಸ್ವಲ್ಪ ಮಂಜೈತಿ ಅಷ್ಟ."

ತನ್ನ ತಪ್ಪು ಒಪ್ಪಿಕೊಳ್ಳಲು ನಾಚಿ, ಎರಡು ಜೀವ ಪಣಕ್ಕಿದ್ದಾಗಲೂ ಹೀಗೆ ಹೇಳುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ನೀಲಾ ಗುಂಡನ್ನೇ ನೋಡುತ್ತ ಸುತ್ತು ಮುಗಿಸಿ ವಿಮಾನವನ್ನು ನೆಟ್ಟಗೆ ಮಾಡಿದಳು. ಆ ಕ್ಷಣ ಅಮೋಘನ ಕಿವಿ ಅವನಿಗೆ, ನೀವು ಬಲಕ್ಕೆ ಉರುಳುತ್ತಿದ್ದೀರಿ ಎಂದು ಹೇಳಿತು. ಹೊರಗೆ ನೋಡಿದ. ಎಲ್ಲ ಕಡೆ ಬಿಳುಪು. ಕದ್ದು ನೋಡಲು ಭೂಮಿಯ ಅಂಚು ಇರಲಿಲ್ಲ.

"ಬಲಕ್ಕ ಹೊಂಟೇವಿ, ಬಲಕ್ಕ," ಎಂದವನೇ ತನ್ನ ಕಡೆಯ ಹಿಡಿಕೆಯನ್ನು ಹಿಡಿದು ಎಡಕ್ಕೆ ಎಳೆದ.

ಗುಂಡು ಎಡಕ್ಕೆ ವಾಲಿತು, ಇನ್ನೂ ವಾಲಿತು. ಎತ್ತರ ತೋರಿಸುವ ಮುಳ್ಳು ಹಿಂದಕ್ಕೆ ಓಡತೊಡಗಿತು. ಇಳಿಯುತ್ತಿದ್ದೇವೆಂದು ತಿಳಿದು ಅವನು ಹಿಡಿಕೆಯನ್ನು ತನ್ನ ಕಡೆ ಜಗ್ಗಿದ. ವಾಲಿದ ವಿಮಾನವನ್ನು ಹಾಗೆ ಜಗ್ಗಿದರೆ ಅದು ಏರುವುದಿಲ್ಲ, ಸುತ್ತು ಇನ್ನೂ ಬಿಗಿಯಾಗುತ್ತದೆ. ಅಳವಂಡಿಯವರು ಇದನ್ನು ಹತ್ತು ಸಲ ಹೇಳಿದ್ದರು, ಅವನು ಹತ್ತು ಸಲ ತಲೆಯಾಡಿಸಿದ್ದ.

"ಕೈ ತಗಿ," ಎಂದಳು ನೀಲಾ.

"ನೀ ಕುಲಾವಿ ಹಾಕ್ಕೊಂಡು ಕುಂತಿ, ನಿನಗೇನ ಗೊತ್ತಾಗ್ತೈತಿ? ನಾ ಹೊರಗ ನೋಡಾಕತ್ತೀನಿ."

"ಹೊರಗ ಏನ ಕಾಣಸ್ತೈತಿ ಹೇಳು."

ಅವನು ಕಿಟಕಿಗೆ ಮುಖ ಒತ್ತಿ ನೋಡಿದ. "ಬರೇ ಬೆಳ್ಳಗ ಐತಿ," ಎಂದ.

"ಮತ್ತ ಕೈ ತಗಿ. ನಿನ್ನ ಕಿವಿ ಸುಳ್ಳ ಹೇಳಾಕತ್ತೈತಿ. ಎರಡೂ ಕೈ ತೊಡಿ ಮ್ಯಾಲ ಇಟ್ಕೊಂಡು ಕೂಡು."

ಅವನು ಬಿಡಲಿಲ್ಲ. ಅವಳು ಮೊಣಕೈಯಿಂದ ಅವನ ಕೈಗೆ ಬಲವಾಗಿ ಕೊಟ್ಟಳು. ಹಿಡಿತ ಸಡಿಲವಾಯಿತು. ಎಂಜಿನ್ನಿನ ವೇಗ ಇಳಿಸಿದಳು, ರೆಕ್ಕೆಗಳನ್ನು ಗುಂಡಿನ ಪ್ರಕಾರ ಸಮ ಮಾಡಿದಳು, ಆಮೇಲೆ ಮೆಲ್ಲಗೆ ಮೂತಿ ಎತ್ತಿದಳು. ಅವಳ ಕಿವಿಯೇನು ಬೇರೆ ಮಣ್ಣಿನಿಂದ ಮಾಡಿದ್ದಲ್ಲ. ಅದೂ ಅವಳಿಗೆ, ಬಲಕ್ಕೆ ಬೀಳುತ್ತಿದ್ದೀಯ ಎಂದು ಕಿರುಚುತ್ತಿತ್ತು. ನಾನು ಅವಳ ತಲೆಯ ಮೇಲೇ ಇದ್ದೆನಲ್ಲ, ಅವಳ ಕುತ್ತಿಗೆ ತಾನಾಗಿ ಎಡಕ್ಕೆ ವಾಲಿದ್ದು ನನಗೆ ಗೊತ್ತಾಯಿತು. ಹಲ್ಲು ಕಚ್ಚಿ ಹಿಡಿದ ಶಬ್ದವೂ ಕೇಳಿತು. ಕುತ್ತಿಗೆ ಸೊಟ್ಟಗಿದ್ದರೂ ಕೈ ಮಾತ್ರ ಗುಂಡು ಹೇಳಿದ್ದನ್ನೇ ಕೇಳಿತು.

ಮೋಡದ ಹೊಟ್ಟೆಯಿಂದ ಹೊರಬಿದ್ದಾಗ ಕೆಳಗೆ ಸೂರ್ಯಕಾಂತಿ ಹೂವುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನೀಲಾ ನನ್ನನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಮೋಘ ಎರಡು ಸಲ ಓಕರಿಸಿ, ಕೈಗೆ ಸಿಕ್ಕಿದ ನನ್ನನ್ನೇ ಎಳೆದುಕೊಂಡು ನನ್ನೊಳಗೆ ಕಾರಿಕೊಂಡ. ಇಷ್ಟು ವರ್ಷ ನನಗೆ ಆದದ್ದೆಲ್ಲ ಸಾಲದು ಎಂಬಂತೆ ಇದೂ ಆಯಿತು.

ಇಳಿದ ಮೇಲೆ ನಲ್ಲಿಯ ಹತ್ತಿರ ಅವನು ಅವಳ ಬೆನ್ನು ಬಿಡಲಿಲ್ಲ. ಅವಳು ನನ್ನನ್ನು ಸೋಪಿನಿಂದ ಉಜ್ಜುತ್ತಿದ್ದಳು.

"ನೀಲಾ, ಮೋಡದಾಗ ಹೋಗಿದ್ದು ಯಾರಿಗೂ ಗೊತ್ತಿಲ್ಲ. ನಾವೂ ಹೇಳೋದು ಬ್ಯಾಡ. ಕಿಂಡಿ ಸುದ್ದಿ ತಗದ್ರ ನನ್ನವಷ್ಟ ಹೋಗಂಗಿಲ್ಲ, ನಿನ್ನ ತಾಸೂ ಹೋಗ್ತಾವ. ಎರಡ ತಾಸು ಉಳದೈತಿ ನಿಂದು. ಹದಿನಾಲ್ಕನೇ ತಾರೀಖ ನೆನಪೈತಿಲ್ಲ?"

ನೀಲಾ ನನ್ನನ್ನು ಹಿಂಡಿ ಜಾಡಿಸಿದಳು. ನೀರು ಅವನ ಅಂಗಿಯ ಮೇಲೆ ಸಿಡಿಯಿತು. ಅವಳು ನೇರ ಅಳವಂಡಿಯವರ ಕೋಣೆಗೆ ನಡೆದು ನನ್ನನ್ನು ಅವರ ಮೇಜಿನ ಮೇಲಿಟ್ಟು, ಮೋಡದ ಕಥೆ, ಕಿಂಡಿಯ ಕಥೆ ಎರಡನ್ನೂ ಹೇಳಿದಳು. ಅವರು ಬೈಯಲಿಲ್ಲ. ಕಿಂಡಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇಲಿ ಅಂತ ಹೇಳಿದ್ರು," ಎಂದರು. "ಇಲಿ ಕಡದ್ರ ಅಂಚು ಸುಟ್ಟಿರಂಗಿಲ್ಲ. ಅದು ನನಗ ಅವತ್ತ ಗೊತ್ತಾಗಿತ್ತವಾ. ಗುಂಡು ಅಲ್ಲಾಡಂಗಿಲ್ಲ ಅಂತ ಊರ ತುಂಬ ಹೇಳ್ಕೊಂಡು ಬಂದಿದ್ನಲ್ಲ, ಅದಕ್ಕ ಸುಮ್ನಾದೆ."

ಅವರು ನನ್ನನ್ನು ಪಕ್ಕಕ್ಕೆ ಸರಿಸಿ ನೀಲಾಳ ಕಡೆ ತಿರುಗಿದರು.

"ನಿನ್ನವು ಹದಿನೆಂಟು ತಾಸು ಖರೇನ?"

"ಖರೇರಿ ಸರ. ಟಿಕಳಿ ಹಚ್ಚಿ ಮುಚ್ಚಿಕೊಂಡಿದ್ದೆ."

"ನಾ ನಂಬ್ತೀನಿ. ಬರವಣಿಗಿಯೊಳಗ ನಂಬಿಕಿ ನಡಿಯಂಗಿಲ್ಲ. ಈ ಕುಲಾವಿಯೊಳಗ ಹಾರಿಸಿದ ತಾಸು ಹೊಡದ ಹಾಕಿದ್ರ ಎಲ್ಲಾರದೂ ಹೊಡೀಬೇಕು. ನಿಂದೂ."

"ಗೊತ್ತೈತ್ರಿ."

"ಹದಿನಾಲ್ಕಕ್ಕ ಹೋಗಾಕ ಆಗಂಗಿಲ್ಲ. ಮತ್ತ ಯಾವಾಗ ಕರೀತಾರೋ ಗೊತ್ತಿಲ್ಲ."

ಅವಳ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. "ಹೊಡೀರಿ ಸರ," ಎಂದಳು. "ಅಮೋಘ ಕೆಟ್ಟಾಂವ ಅಲ್ರಿ. ಅಂವಗ ಏನೂ ಬರಂಗಿಲ್ಲ, ಅಷ್ಟ."

ಅಳವಂಡಿಯವರು ಕೆಂಪು ಪೆನ್ನು ತೆಗೆದುಕೊಂಡು, ಎಂಟನೆಯ ಬ್ಯಾಚಿನ ಹನ್ನೊಂದು ಮಂದಿಯ ಹಾರಾಟದ ಲೆಕ್ಕ ಬರೆಯುವ ಪುಸ್ತಕ ತರಿಸಿ, ನನ್ನನ್ನು ಹಾಕಿಕೊಂಡು ಹಾರಿಸಿದ್ದೆಂದು ಬರೆದಿದ್ದ ತಾಸುಗಳನ್ನೆಲ್ಲ ಹೊಡೆದುಹಾಕಿದರು. ನೀಲಾಳ ಪುಸ್ತಕವನ್ನು ಮೊದಲು ತೆಗೆದುಕೊಂಡರು. ಮರುದಿನ ಶಾಲೆಯಲ್ಲಿ ದೊಡ್ಡ ಗದ್ದಲವಾಯಿತು. ಹುಡುಗರು ನೀಲಾಳ ಜೊತೆ ಮಾತು ಬಿಟ್ಟರು. ಕಿಂಡಿಯಿಂದ ಕದ್ದು ನೋಡುವಾಗ ಇಲ್ಲದ ಮಾನ ಮರ್ಯಾದೆ ಅವತ್ತು ಎಲ್ಲರಿಗೂ ಬಂದುಬಿಟ್ಟಿತ್ತು. ಅಮೋಘ ಎರಡೇ ದಿನದಲ್ಲಿ ಶಾಲೆ ಬಿಟ್ಟು ಹೋದ. ಉಳಿದವರಿಗೆ ಹೊಸ ಪ್ಲಾಸ್ಟಿಕ್ ಹುಡ್ ಬಂತು. ಆಗಸ್ಟ್ ಹದಿನಾಲ್ಕರಂದು ನೀಲಾ ಅದನ್ನು ಹಾಕಿಕೊಂಡು ತನ್ನ ಮೂರನೆಯ ತಾಸು ಹಾರಿಸುತ್ತಿದ್ದಳು.

ನನ್ನನ್ನು ಕ್ಯಾಪ್ಟನ್ನರ ಕೋಣೆಯ ಗೋಡೆಯಲ್ಲಿ ಒಂದು ಮೊಳೆಗೆ ತೂಗು ಹಾಕಿದರು. ಈಗ ನನಗೆ ವಯಸ್ಸಾಗಿದೆ. ರೆಕ್ಸಿನ್ ಬಿರುಕು ಬಿಟ್ಟಿದೆ, ಇಲಾಸ್ಟಿಕ್ ಸತ್ತಿದೆ, ಎಷ್ಟು ತೊಳೆದರೂ ಆ ಹುಳಿ ವಾಸನೆ ಪೂರ್ತಿ ಹೋಗಿಲ್ಲ. ಇಲ್ಲಿ ತೂಗಾಡುತ್ತ ಯೋಚಿಸುವಾಗ ಕಿವಿಯ ಮೇಲಿನ ಸಿಟ್ಟು ಕಡಿಮೆಯಾಗಿದೆ. ಪಾಪ, ಅದು ನೆಲದ ಮೇಲೆ ನಡೆಯುವವರಿಗೆಂದು ಆದದ್ದು. ಮೋಡದೊಳಗೆ ಅದನ್ನು ಕರೆದುಕೊಂಡು ಹೋದವರು ಮನುಷ್ಯರೇ. ಸುಳ್ಳೆಂದು ಗೊತ್ತಿದ್ದೂ ಸಾಲಾಗಿ ನಿಂತು ಕಿಂಡಿಗೆ ಕಣ್ಣಿಟ್ಟರಲ್ಲ, ಹೆಬ್ಬೆರಳಿಗೆ ಸಿಕ್ಕಿದ್ದನ್ನೂ ಬಿಟ್ಟರಲ್ಲ, ಆ ಹೇಸಿಗೆ ಮಾತ್ರ ನನ್ನಿಂದ ಹೋಗುವುದಿಲ್ಲ.

ತಾಸುಗಳನ್ನು ಹೊಡೆದುಹಾಕಿದ ವಾರವೇ ಅಳವಂಡಿಯವರು ಹಳೆಯ ನಲವತ್ತೊಂದು ಮಂದಿಯ ಹೆಸರು ಬರೆದು ಗೋಡೆಗೆ ಅಂಟಿಸಿದರು. ಅವರ ಪುಸ್ತಕಗಳು ಇವರ ಕೈಯಲ್ಲಿರಲಿಲ್ಲ. ಅವರು ಎಲ್ಲೆಲ್ಲೋ ದೊಡ್ಡ ವಿಮಾನಗಳಲ್ಲಿ ಮುಂದೆ ಕೂತಿದ್ದರು. ಒಬ್ಬೊಬ್ಬರಿಗೂ ಕೈಯಾರೆ ಕಾಗದ ಬರೆದರು. ಬಂದು ಹೊಸ ಹುಡ್‌ನಲ್ಲಿ ಹತ್ತು ತಾಸು ಹಾರಿಸಿ ಹೋಗಿ, ತಪ್ಪು ನನ್ನದು, ಎಂದು ಬರೆದರು. ಲೈಸೆನ್ಸು ಕೊಡುವ ಮೇಲಿನವರಿಗೂ ಒಂದು ಕಾಗದ ಹೋಯಿತು. ಪರಿಶೀಲನೆಯಲ್ಲಿದೆ ಎಂಬ ಎರಡು ಸಾಲಿನ ಉತ್ತರ ಬಂತು.

ಆ ಹಳೆಯ ಹುಡುಗರಲ್ಲಿ ಮೊದಲು ಉತ್ತರ ಕೊಟ್ಟವನು ಬೈದಿದ್ದ. ಇನ್ನೊಬ್ಬ, ತಾನು ಆ ಶಾಲೆಯಲ್ಲಿ ಕಲಿತೇ ಇಲ್ಲ ಎಂಬಂತೆ ಬರೆದಿದ್ದ. ಉಳಿದವರು ಏನೂ ಬರೆಯಲಿಲ್ಲ. ಮುಂದಿನ ಮಳೆಗಾಲ ಬಂತು. ಇಪ್ಪತ್ತು ತಾಸನ್ನೂ ಮತ್ತೆ ಮುಗಿಸಿದ್ದ ನೀಲಾ ಇನ್ನೊಂದು ಆಯ್ಕೆಗೆ ಕಾಯುತ್ತ ಅಲ್ಲೇ ಹೊಸಬರಿಗೆ ಕಲಿಸುತ್ತಿದ್ದಳು.

ಆಗ ಒಂದು ಭಾನುವಾರ ನಾಲ್ಕನೆಯ ಬ್ಯಾಚಿನ ಪ್ರಸನ್ನ ಮುಳಗುಂದ ಬಂದ. ಸಾದಾ ಅಂಗಿ, ತಲೆಯ ಮೇಲೆ ಟೊಪ್ಪಿಗೆ. ಯಾರೂ ಗುರುತು ಹಿಡಿಯಬಾರದೆಂದು ಬಂದಿದ್ದ. ನೀಲಾ ಅವನನ್ನು ಹೊಸ ಹುಡ್ ಹಾಕಿಸಿ ಮೇಲೆ ಕರೆದುಕೊಂಡು ಹೋದಳು. ಒಂದು ತಾಸಿನ ಮೇಲೆ ವಾಪಸು ಬಂದಾಗ ಅವನ ಅಂಗಿಯ ಮುಂಭಾಗ ಒದ್ದೆಯಾಗಿತ್ತು. ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಮೂರು ಸಲ ಅಡ್ಡ ಮಲಗಿಸಿದೆ ಸರ," ಎಂದ. "ಪರೀಕ್ಷಾದಾಗೆಲ್ಲ ಪಾಸಾಗೀನಿ. ಅದು ನಡಿಯೋದು ನೆಲದ ಮ್ಯಾಗ ನಿಲ್ಸಿದ ನಕಲಿ ವಿಮಾನದಾಗ, ಅಲ್ಲಿ ಕಿವಿ ಇಷ್ಟು ಕಾಡಂಗಿಲ್ಲ. ಮೋಡದಾಗ ಹೋದಾಗ ತಾನ ಹಾರೋ ಯಂತ್ರಕ್ಕ ಬಿಟ್ಟು ಕೈ ಕಟ್ಟಿ ಕೂಡ್ತೀನಿ. ಅದು ಕೈ ಕೊಟ್ರ ಏನ ಗತಿ ಅಂತ ಆರು ವರ್ಷದಿಂದ ದಿನಾ ಅಂಜಿಕೊಂಡು ಹೊಂಟೀನಿ. ನನ್ನ ಹಿಂದ ನೂರೆಂಬತ್ತು ಮಂದಿ ಕುಂತಿರ್ತಾರ್ರಿ."

ಅಳವಂಡಿಯವರು ಅವನ ಹೆಗಲ ಮೇಲೆ ಕೈಯಿಟ್ಟರು. "ಚಹಾ ಕುಡಿ. ಒಂದು ತಾಸು ಬಿಟ್ಟು ಮತ್ತ ಹೋಗು."

"ನಾ ಬಂದಿದ್ದು ಯಾರಿಗೂ ಹೇಳಬ್ಯಾಡ್ರಿ."

"ನಾ ಹೇಳಂಗಿಲ್ಲ. ನಿನ್ನ ಬ್ಯಾಚಿನವ್ರಿಗೆ ನೀನ ಹೇಳು."

ಅವನು ತಲೆಯಾಡಿಸಿದ. ಹೇಳಿದನೋ ಇಲ್ಲವೋ ಗೊತ್ತಿಲ್ಲ. ಐದು ಭಾನುವಾರ ಬಂದು ಹತ್ತು ತಾಸು ಮುಗಿಸಿದ. ಕೊನೆಯ ದಿನ ಅಳವಂಡಿಯವರು ಗೋಡೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಗುರುತು ಹಾಕಿದರು. ಅದಾಗಿ ಎರಡು ವರ್ಷವಾಯಿತು. ಇವತ್ತು ಬೆಳಿಗ್ಗೆಯಿಂದ ಮೋಡ ಕವಿದಿದೆ, ಮೇಲೆ ಎಲ್ಲೋ ದೊಡ್ಡ ವಿಮಾನವೊಂದು ಹೋಗುತ್ತಿರುವ ಸದ್ದು ಕೇಳುತ್ತಿದೆ. ಅಳವಂಡಿಯವರು ಪೆನ್ನು ಕೆಳಗಿಟ್ಟು, ಆ ಸದ್ದು ಪೂರ್ತಿ ದೂರವಾಗುವ ತನಕ ಪಟ್ಟಿಯನ್ನೇ ನೋಡುತ್ತ ಕೂತಿದ್ದಾರೆ. ಉಳಿದ ನಲವತ್ತು ಮಂದಿ ಇನ್ನೂ ಬಂದಿಲ್ಲ.